ಎರಡೂವರೆ ಸ್ಟಾರ್ ಅಂದ್ರೆ ಏನು ಸ್ವಾಮಿ?

ಇವತ್ತು ಶುಕ್ರವಾರ. ಬೆಳಗ್ಗೆ ಹತ್ತೂವರೆಯ ಶೋ ಇನ್ನೂ ಇಂಟರ್ವಲ್ ತಲುಪಿರಲಿಲ್ಲ, ನನ್ನ ಫೋನಿಗೆ ಒಂದು ಮೆಸೇಜ್ ಬಂತು. ಈ ವಾರ ಬಿಡುಗಡೆಯಾದ ಒಂದು ಕನ್ನಡ ಸಿನಿಮಾದ ಹೆಸರು. ಪಕ್ಕದಲ್ಲಿ ಎರಡೂವರೆ ಸ್ಟಾರು. ಅಷ್ಟೇ. ಕಥೆ ಏನು, ಯಾರು ಹೇಗೆ ನಟಿಸಿದ್ದಾರೆ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ, ಒಂದಕ್ಷರ ಇಲ್ಲ. ಕಳಿಸಿದವನು ನನ್ನ ಹಳೇ ಸ್ನೇಹಿತ. 'ನೋಡಿದ್ಯೇನೋ?' ಅಂತ ಕೇಳಿದೆ. 'ಇಲ್ಲಪ್ಪಾ, ಯಾರೋ ಕಳಿಸಿದ್ರು, ನಿಂಗೂ ಕಳಿಸ್ದೆ' ಅಂದ. 'ನೋಡೋಕೆ ಹೋಗ್ತೀಯಾ?' ಅಂದೆ. 'ಎರಡೂವರೆ ಅಂತಲ್ಲೋ, ಯಾಕೆ ಸುಮ್ನೆ ದುಡ್ಡು ದಂಡ?'

ಮುಗೀತು ನೋಡಿ. ಎರಡು ವರ್ಷ ನೂರಾರು ಜನ ಬೆವರು ಸುರಿಸಿ ಮಾಡಿದ ಒಂದು ಸಿನಿಮಾದ ಲೆಕ್ಕ, ನನ್ನ ಸ್ನೇಹಿತನ ಮಟ್ಟಿಗೆ, ಮಧ್ಯಾಹ್ನ ಹನ್ನೆರಡರೊಳಗೆ ಚುಕ್ತಾ.

ಅವನಿಗೆ ನಾನೊಂದು ಪ್ರಶ್ನೆ ಕೇಳಿದೆ. ನಿಮಗೂ ಕೇಳ್ತೀನಿ. ಎರಡೂವರೆ ಸ್ಟಾರ್ ಅಂದ್ರೆ ಏನು ಸ್ವಾಮಿ? ಅಕ್ಕಿ ತೂಗಿದ್ರೆ ಕೆಜಿ, ಹಾಲು ಅಳೆದ್ರೆ ಲೀಟರು. ಸಿನಿಮಾವನ್ನ ಯಾವ ತಕ್ಕಡೀಲಿ ಇಟ್ಟು ತೂಗಿದಾಗ ಆ ಅರ್ಧ ಸ್ಟಾರ್ ಸಿಗುತ್ತೆ? ಇತ್ತೀಚೆಗಂತೂ ಎರಡು ಮುಕ್ಕಾಲು, ಮೂರೂ ಕಾಲು ಅಂತೆಲ್ಲ ಬಂದುಬಿಟ್ಟಿದೆ. ಆ ಕಾಲು ಸ್ಟಾರ್ ಎಲ್ಲಿ ಕಟ್ ಆಯ್ತು? ಹಾಡಿನಲ್ಲೋ, ಫೈಟ್‌ನಲ್ಲೋ, ಹೀರೋಯಿನ್ ಸೀರೆಯಲ್ಲೋ?

ನಗಬೇಡಿ. ಇದರ ಹಿಂದೆ ಒಂದು ಚರಿತ್ರೆ ಇದೆ, ಒಂದು ವ್ಯಾಪಾರ ಇದೆ. ಅದರ ಜೊತೆಗೆ ನನ್ನದೂ ಒಂದು ತಪ್ಪು ಇದೆ. ಮೂರನ್ನೂ ಹೇಳ್ತೀನಿ.

ಮೊದಲು ಚರಿತ್ರೆ. ಈ ನಕ್ಷತ್ರ ಹುಟ್ಟಿದ್ದು ಅಮೆರಿಕದಲ್ಲಿ. 1928ರ ಜುಲೈ 31. ನ್ಯೂಯಾರ್ಕಿನ 'ಡೈಲಿ ನ್ಯೂಸ್' ಪತ್ರಿಕೆಯಲ್ಲಿ ಐರೀನ್ ಥೈರರ್ ಎಂಬ ಮಹಿಳೆ ಒಂದು ಸಿನಿಮಾದ ವಿಮರ್ಶೆ ಬರೆದು, ಅದಕ್ಕೆ ಒಂದು ಸ್ಟಾರ್ ಕೊಟ್ಟರು. ಆಗ ಇದ್ದದ್ದು ಮೂರೇ ಸ್ಟಾರ್. ಮೂರಾದರೆ ಅತ್ಯುತ್ತಮ, ಎರಡಾದರೆ ಚೆನ್ನಾಗಿದೆ, ಒಂದಾದರೆ ಸಾಧಾರಣ, ಸ್ಟಾರೇ ಇಲ್ಲದಿದ್ದರೆ ಕೆಟ್ಟದ್ದು. ಸರಳ ಲೆಕ್ಕ. ಬೆಳಗ್ಗೆ ರೈಲು ಹತ್ತಿ ಕೆಲಸಕ್ಕೆ ಹೋಗೋ ಓದುಗನಿಗೆ ಪುರುಸೊತ್ತಿಲ್ಲ, ಕಣ್ಣಾಡಿಸಿದ್ರೆ ಗೊತ್ತಾಗಲಿ ಅಂತ ಮಾಡಿಕೊಂಡ ಅನುಕೂಲ ಅದು. ಊಟದ ಎಲೆಯ ಮೇಲಿನ ಉಪ್ಪಿನಕಾಯಿ ಥರ. ಊಟವೇ ಅದು ಅಂತ ಆಗ ಯಾರೂ ಅಂದುಕೊಂಡಿರಲಿಲ್ಲ.

ಆಮೇಲೆ ಬಂದವರು ರೋಜರ್ ಎಬರ್ಟ್. 1967ರಿಂದ 2013ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋದ 'ಸನ್-ಟೈಮ್ಸ್' ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆದವರು. ಸಿನಿಮಾ ವಿಮರ್ಶೆಗೆ ಮೊದಲ ಪುಲಿಟ್ಜರ್ ಪ್ರಶಸ್ತಿ ಬಂದದ್ದು ಅವರಿಗೇ, 1975ರಲ್ಲಿ. ಎದುರಾಳಿ ಪತ್ರಿಕೆ 'ಟ್ರಿಬ್ಯೂನ್'ನ ವಿಮರ್ಶಕ ಜೀನ್ ಸಿಸ್ಕೆಲ್. ಇವರಿಬ್ಬರನ್ನೂ ಟೀವಿಯವರು ಎದುರಾಬದುರು ಕೂರಿಸಿದರು. ಸಿನಿಮಾ ಬಗ್ಗೆ ಇಬ್ಬರೂ ಜಗಳ ಆಡ್ತಿದ್ರು. ಈ ದೃಶ್ಯ ಯಾಕೆ ಕೆಲಸ ಮಾಡಿದೆ, ಆ ಪಾತ್ರ ಯಾಕೆ ಸುಳ್ಳು ಅನಿಸ್ತದೆ ಅಂತ ವಾದ. ವಾದ ಎಲ್ಲಾ ಮುಗಿದ ಮೇಲೆ ಹೆಬ್ಬೆರಳು. ಮೇಲಕ್ಕೆ ತೋರಿಸಿದ್ರೆ ನೋಡಬಹುದು, ಕೆಳಗೆ ತೋರಿಸಿದ್ರೆ ಬೇಡ. ಜನ ಕಾಯ್ತಿದ್ದದ್ದು ಆ ಜಗಳಕ್ಕೆ. ಇವತ್ತು ಏನಾಗಿದೆ ಹೇಳಿ? ಜಗಳ ಹೋಯ್ತು, ಹೆಬ್ಬೆರಳು ಉಳೀತು.

ಎಬರ್ಟ್ ಇನ್ನೊಂದು ಮಾತನ್ನ ಬಿಡಿಸಿ ಹೇಳ್ತಿದ್ರು. ನಾನು ಕೊಡೋ ಸ್ಟಾರು ತುಲನಾತ್ಮಕ ಅಂತ. ಅಂದ್ರೆ ಒಂದು ಸೂಪರ್‌ಹೀರೋ ಸಿನಿಮಾ ಬಂದರೆ ಅದನ್ನ ಇನ್ನೊಂದು ಸೂಪರ್‌ಹೀರೋ ಸಿನಿಮಾದ ಪಕ್ಕ ಇಟ್ಟು ನೋಡಬೇಕು, ಗಂಭೀರವಾದ ಕೌಟುಂಬಿಕ ಸಿನಿಮಾದ ಪಕ್ಕ ಇಟ್ಟಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಮಸಾಲೆ ದೋಸೆಗೆ ಮಾರ್ಕ್ಸ್ ಕೊಡುವಾಗ ಹೋಳಿಗೆಯ ಸಿಹಿ ಇಲ್ಲ ಅಂತ ಕಳೀಬಾರದು. ಒಬ್ಬ ವಿಮರ್ಶಕ ಹಾಸ್ಯದ ಸಿನಿಮಾಗೂ ಮೂರು ಕೊಟ್ಟ, ಹಬ್ಬದ ಮಾಸ್ ಸಿನಿಮಾಗೂ ಮೂರು ಕೊಟ್ಟ, ಪ್ರಶಸ್ತಿ ಸಿನಿಮಾಗೂ ಮೂರು ಕೊಟ್ಟ ಅಂದ್ರೆ ಮೂರೂ ಒಂದೇ ಅಂತಲ್ಲ. ಆದರೆ ಫೋನಿನಲ್ಲಿ ಬರೋ ಚಿತ್ರದಲ್ಲಿ ಮೂರು ಮೂರೇ ಆಗಿ ಕಾಣ್ತದೆ. ವಿವರಣೆ ಎಲ್ಲಾ ಹಿಂದೆ ಉಳಿದಿರ್ತದೆ.

ಈಗ ಲೆಕ್ಕಕ್ಕೆ ಬರೋಣ. ಇಂಗ್ಲಿಷ್ ಸಿನಿಮಾ ನೋಡುವ ನಮ್ಮ ಹುಡುಗರು 'ಟೊಮೆಟೊ ಎಷ್ಟು?' ಅಂತ ಕೇಳೋದನ್ನ ನೀವೂ ಕೇಳಿರ್ತೀರಿ. 'ರಾಟನ್ ಟೊಮೆಟೋಸ್'. 1998ರಲ್ಲಿ ಶುರುವಾದದ್ದು. ನೂರಾರು ವಿಮರ್ಶೆ ಒಟ್ಟು ಹಾಕಿ ಒಂದು ಶೇಕಡಾ ಸಂಖ್ಯೆ ಕೊಡ್ತಾರೆ. 60 ಮುಟ್ಟಿದ್ರೆ ತಾಜಾ ಟೊಮೆಟೊ, ಕೆಳಗಿದ್ರೆ ಕೊಳೆತದ್ದು. 95 ಅಂತ ಕಂಡ ತಕ್ಷಣ ನಾವೇನಂದ್ಕೊಳ್ತೀವಿ? ನೂರಕ್ಕೆ 95 ಅಂಕ, ಡಿಸ್ಟಿಂಕ್ಷನ್ ಅಂತ. ತಪ್ಪು. ಅದು ಅಂಕವೇ ಅಲ್ಲ, ತಲೆ ಎಣಿಕೆ.

ಸ್ವಲ್ಪ ಗಮನ ಕೊಟ್ಟು ಕೇಳಿ. ನೂರು ಜನ ವಿಮರ್ಶಕರು ಒಂದು ಸಿನಿಮಾ ನೋಡಿದ್ರು. ನೂರಕ್ಕೆ ನೂರೂ ಜನ 'ಪರವಾಗಿಲ್ಲ, ಒಂದ್ಸಲ ನೋಡಬಹುದು, ಹತ್ತಕ್ಕೆ ಆರು' ಅಂದ್ರು. ಆ ಸಿನಿಮಾಕ್ಕೆ ಸಿಗೋದು ನೂರಕ್ಕೆ ನೂರು. ಇನ್ನೊಂದು ಸಿನಿಮಾ. ಅರವತ್ತು ಜನ ಎದ್ದು ನಿಂತು 'ಜೀವಮಾನದಲ್ಲಿ ಇಂಥದ್ದು ನೋಡಿಲ್ಲ' ಅಂತ ಚಪ್ಪಾಳೆ ತಟ್ಟಿದ್ರು, ನಲವತ್ತು ಜನ 'ನಮಗೆ ಹಿಡಿಸಲಿಲ್ಲ' ಅಂದ್ರು. ಇದಕ್ಕೆ ಸಿಗೋದು 60. ಈಗ ಹೇಳಿ, ಯಾವುದು ದೊಡ್ಡ ಸಿನಿಮಾ? ಯಾರಿಗೂ ಬೇಜಾರು ಮಾಡದ ಮೊದಲನೆಯದೋ, ಜನರನ್ನ ಎರಡು ಬಣ ಮಾಡಿದ ಎರಡನೆಯದೋ? ಸಂಖ್ಯೆ ಸುಳ್ಳು ಹೇಳಿಲ್ಲ. ನಾವು ಅದನ್ನ ತಪ್ಪಾಗಿ ಓದಿದ್ವಿ.

ಇನ್ನು ವ್ಯಾಪಾರ. ಒಂದು ಸಂಖ್ಯೆಗೋ ಒಂದು ಸಾಲಿನ ಹೊಗಳಿಕೆಗೋ ಟಿಕೆಟ್ ಮಾರುವ ಶಕ್ತಿ ಇದೆ ಅಂತ ಗೊತ್ತಾದ ಮೇಲೆ ಮಾರುಕಟ್ಟೆ ಸುಮ್ಮನಿರ್ತದಾ? 2000ದ ಆಸುಪಾಸು. ಹಾಲಿವುಡ್‌ನ ಸೋನಿ ಕಂಪನಿಯ ಸಿನಿಮಾಗಳ ಜಾಹೀರಾತಿನಲ್ಲಿ ಡೇವಿಡ್ ಮ್ಯಾನಿಂಗ್ ಎಂಬ ವಿಮರ್ಶಕನ ಹೊಗಳಿಕೆ ಬರ್ತಿತ್ತು. ಕನೆಕ್ಟಿಕಟ್ ರಾಜ್ಯದ 'ರಿಡ್ಜ್‌ಫೀಲ್ಡ್ ಪ್ರೆಸ್' ಎಂಬ ಸಣ್ಣ ವಾರಪತ್ರಿಕೆಯ ವಿಮರ್ಶಕ ಅಂತೆ. 2001ರಲ್ಲಿ 'ನ್ಯೂಸ್‌ವೀಕ್'ನ ವರದಿಗಾರ ವಿಚಾರಿಸಿ ನೋಡಿದ್ರೆ, ಆ ಪತ್ರಿಕೆಗೇ ಇವನ್ಯಾರು ಅಂತ ಗೊತ್ತಿಲ್ಲ! ಯಾಕಂದ್ರೆ ಅಂಥ ಮನುಷ್ಯನೇ ಇರಲಿಲ್ಲ. ಕಂಪನಿಯ ಪ್ರಚಾರ ವಿಭಾಗದವರೇ ಕೂತು ಒಬ್ಬ ವಿಮರ್ಶಕನನ್ನ ಹುಟ್ಟಿಸಿದ್ರು, ಹೊಗಳಿಕೆಯನ್ನೂ ಬರೆದ್ರು. ಆಮೇಲೆ ಕೇಸು, ದಂಡ. 2005ರಲ್ಲಿ ರಾಜಿಯಾಗಿ, ಆ ಸಿನಿಮಾ ನೋಡಿದವರಿಗೆ ಟಿಕೆಟ್‌ಗೆ 5 ಡಾಲರ್ ವಾಪಸ್ ಕೊಡೋದಕ್ಕೆ 15 ಲಕ್ಷ ಡಾಲರ್ ಎತ್ತಿಡಬೇಕಾಯ್ತು.

'ಅಯ್ಯೋ, ಅಮೆರಿಕದಲ್ಲೂ ಹಿಂಗಾ' ಅಂತ ಆಶ್ಚರ್ಯಪಡೋದು ಬೇಡ. ನಮ್ಮ ಬುಡಕ್ಕೇ ಬರೋಣ. ಕೆ.ಜಿ. ರಸ್ತೆಯ ಥಿಯೇಟರ್ ಮುಂದೆ ನಮ್ಮ ಟೀವಿಯವರ ಮೈಕುಗಳು ಸಾಲಾಗಿ ನಿಂತಿರ್ತವೆ. ಇಂಟರ್ವಲ್‌ಗೆ ಹೊರಗೆ ಬಂದವರ ಬಾಯಿಗೆ ಮೈಕ್. 'ಬೆಂಕಿ ಸಾರ್!' 'ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಇನ್ನೂ ಸೂಪರ್!' ಇಂಟರ್ವಲ್‌ನಲ್ಲಿ ನಿಂತವನಿಗೆ ಸೆಕೆಂಡ್ ಹಾಫ್ ಸೂಪರ್ ಅಂತ ಹೇಗೆ ಗೊತ್ತಾಯ್ತಪ್ಪಾ? ನಮ್ಮ ರಿಪೋರ್ಟರ್ ಕೇಳಲ್ಲ. 'ಯಾಕೋ ಬೋರ್ ಸಾರ್, ನಿದ್ದೆ ಬಂತು' ಅಂದವನ ಬೈಟ್ ಎಷ್ಟೋ ಸಲ ಎಡಿಟಿಂಗ್ ಟೇಬಲ್ ಮೇಲೇ ಉಳೀತದೆ. ಯಾಕಂದ್ರೆ ಅದೇ ಸಿನಿಮಾದ ಜಾಹೀರಾತು ಪಕ್ಕದ ಬ್ರೇಕ್‌ನಲ್ಲಿ ಓಡ್ತಾ ಇರ್ತದೆ. ಬೇರೆಯವರ ಮನೆ ಮಾತು ಬೇಡ, ನಮ್ಮ ಚಾನೆಲ್ ಲೋಕದ ಮಾತೇ ಇದು. ನಾವು ತೋರಿಸೋ ಆ ಕೂಗಾಟಕ್ಕೆ 'ಪಬ್ಲಿಕ್ ರಿವ್ಯೂ' ಅಂತ ಹೆಸರಿಟ್ಟಿದ್ದೀವಲ್ಲ, ಅದನ್ನ ವಿಮರ್ಶೆ ಅಂತ ನಂಬಬೇಡಿ.

ಹಾಗಾದ್ರೆ ವಿಮರ್ಶಕನ ಕೆಲಸ ಏನು? ಇಲ್ಲಿ ನನ್ನ ತಪ್ಪಿನ ಕಥೆ ಹೇಳಬೇಕು.

ಟೀವಿಗೆ ಬರೋ ಮುಂಚೆ ನಾನೊಂದು ಪತ್ರಿಕೆಯಲ್ಲಿದ್ದೆ. ಸಿನಿಮಾ ಪುಟಕ್ಕೂ ಬರೀತಿದ್ದೆ. ಒಂದು ಶುಕ್ರವಾರ ಮೂರು ಕನ್ನಡ ಸಿನಿಮಾ ಬಿಡುಗಡೆ. ರಜೆ ಹಾಕಿದವರ ಪಾಳಿಯೂ ನನ್ನ ತಲೆಗೆ ಬಂತು. ಸಂಜೆ ಏಳಕ್ಕೆ ಮೂರರ ಕಾಪಿಯೂ ಡೆಸ್ಕಿಗೆ ಬೇಕು. ಬೆಳಗ್ಗೆ ಸ್ಟಾರ್ ನಟರ ಸಿನಿಮಾ ಪೂರ್ತಿ ನೋಡಿದೆ. ಮ್ಯಾಟಿನಿಗೆ ಹೊಸಬರ ಸಿನಿಮಾ. ಥಿಯೇಟರಲ್ಲಿ ಹೆಚ್ಚಂದ್ರೆ ಮೂವತ್ತು ಜನ. ಇಂಟರ್ವಲ್‌ಗೆ ಎದ್ದು ಆಟೋ ಹಿಡಿದು ಮೂರನೇ ಸಿನಿಮಾಗೆ ಓಡಿದೆ. ರಾತ್ರಿ ಬರೆದದ್ದು: 'ಮೊದಲಾರ್ಧ ಕುತೂಹಲ ಮೂಡಿಸುತ್ತದೆ. ದ್ವಿತೀಯಾರ್ಧ ಎಳೆದಂತಿದೆ.' ಎರಡು ಸ್ಟಾರ್.

ಶನಿವಾರ ಬೆಳಗ್ಗೆ ಆಫೀಸಿಗೆ ಫೋನ್ ಬಂತು. ಆ ಸಿನಿಮಾದ ನಿರ್ದೇಶಕ. ಬೈತಾನೆ ಅಂದ್ಕೊಂಡೆ. ಬೈಯಲಿಲ್ಲ. ಬಹಳ ವಿನಯವಾಗಿ ಕೇಳಿದ: 'ಸಾರ್, ನಮಸ್ಕಾರ. ಸೆಕೆಂಡ್ ಹಾಫ್ ಎಳೆದಂಗಿದೆ ಅಂತ ಬರ್ದಿದ್ದೀರಿ. ಯಾವ ಸೀನು ಅಂತ ಹೇಳಿದ್ರೆ ನಾಳೆ ಶೋಗೆ ಟ್ರಿಮ್ ಮಾಡಿಸ್ತೀನಿ ಸಾರ್.'

ಏನು ಉತ್ತರ ಕೊಡಲಿ? 'ಒಟ್ಟಾರೆ ಹಾಗೆ ಅನಿಸ್ತು' ಅಂತ ತೊದಲಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ 'ಆಯ್ತು ಸಾರ್, ಥ್ಯಾಂಕ್ಸ್' ಅಂತ ಫೋನಿಟ್ಟ. ಅವನಿಗೆ ಅರ್ಥ ಆಗಿತ್ತು. ನಾನು ಸೋಮವಾರ ಆ ಥಿಯೇಟರಿಗೆ ಹೋದೆ, ಬಾಕಿ ಅರ್ಧ ನೋಡೋಣ ಅಂತ. ಅಷ್ಟರಲ್ಲಿ ಬೇರೆ ಸಿನಿಮಾದ ಪೋಸ್ಟರ್ ಹತ್ತಿತ್ತು.

ನನ್ನ ಎರಡು ಸ್ಟಾರ್‌ನಿಂದಲೇ ಆ ಸಿನಿಮಾ ಹೋಯ್ತು ಅಂತ ಹೇಳಿ ನನ್ನನ್ನ ನಾನು ದೊಡ್ಡವನು ಮಾಡ್ಕೊಳ್ಳಲ್ಲ. ಮೂವತ್ತು ಜನರ ಮ್ಯಾಟಿನಿ ಅದು, ಹೇಗೂ ಉಳೀತಿರಲಿಲ್ಲವೇನೋ. ಆದರೆ ಆ ಮನುಷ್ಯ ಕೇಳಿದ ಪ್ರಶ್ನೆ ಇದೆಯಲ್ಲ, 'ಯಾವ ಸೀನು ಸಾರ್?', ಇಡೀ ವಿಮರ್ಶೆಯ ವೃತ್ತಿ ನಿಂತಿರೋದೇ ಆ ಪ್ರಶ್ನೆಯ ಮೇಲೆ. ಉತ್ತರ ಇದ್ದವನು ವಿಮರ್ಶಕ. ಇಲ್ಲದವನು ಬರೀ ಸ್ಟಾರ್ ಹಂಚುವವನು. ಅವತ್ತು ನಾನು ಹಂಚುವವನಾಗಿದ್ದೆ.

ಒಳ್ಳೆ ವಿಮರ್ಶಕರ ಜೊತೆ ಕೂತು ಸಿನಿಮಾ ನೋಡಿದ್ದೀನಿ ನಾನು. ಕತ್ತಲಲ್ಲೇ ಸಣ್ಣ ಪುಸ್ತಕದಲ್ಲಿ ಗೀಚ್ತಾರೆ, ಆಮೇಲೆ ತಮ್ಮ ಅಕ್ಷರ ತಮಗೇ ಓದೋಕಾಗಲ್ಲ ಅಂತ ಒದ್ದಾಡ್ತಾರೆ. ಹೆಸರು ಬರೋ ಕೊನೇ ಪಟ್ಟಿಯವರೆಗೂ ಏಳಲ್ಲ. ಈ ಸಿನಿಮಾ ಏನು ಮಾಡೋಕೆ ಹೊರಟಿತ್ತು, ಅದನ್ನ ಮಾಡಿತಾ, ಮಾಡಿದ್ದು ಮಾಡೋಕೆ ಯೋಗ್ಯವಾಗಿತ್ತಾ ಅಂತ ನೋಡ್ತಾರೆ. ಕ್ಯಾಮೆರಾ ಚೆನ್ನಾಗಿದ್ದು ಕಥೆ ಸೋತಿದ್ರೆ ಎರಡನ್ನೂ ಬಿಡಿಸಿ ಹೇಳ್ತಾರೆ. ನೋಡುಗನ ಖುಷಿ ಹಾಳಾಗಬಾರದು ಅಂತ ತಿರುವು ಬಿಟ್ಟುಕೊಡಲ್ಲ. ಇಷ್ಟೆಲ್ಲ ಮಾಡಿ, ಕೊನೆಗೆ ಡೆಸ್ಕಿನವರು ಕೇಳ್ತಾರಲ್ಲ ಅಂತ ಒಂದು ಸ್ಟಾರ್ ಹಾಕ್ತಾರೆ. ಅವರಿಗೇ ಅದು ಇಷ್ಟ ಇರಲ್ಲ. ಆದರೆ ಊರಿಗೆ ತಲುಪೋದು ಅದೊಂದೇ.

'ವಿಮರ್ಶಕರೇನು ದೇವರಾ? ಅವರೂ ತಪ್ಪು ಮಾಡ್ತಾರೆ' ಅಂತೀರಿ. ಖಂಡಿತ ಮಾಡ್ತಾರೆ. 'ಶೋಲೆ' ತಗೊಳ್ಳಿ. ನಮ್ಮ ರಾಮನಗರದ ಬಂಡೆಗಳ ನಡುವೆ ಗಬ್ಬರ್ ಸಿಂಗ್ ಕೂತಿದ್ದ ಸಿನಿಮಾ. 1975ರ ಆಗಸ್ಟ್ 15ರಂದು ಬಿಡುಗಡೆ ಆಯ್ತು. ಮೊದಲ ವಿಮರ್ಶೆಗಳು ಬಹುತೇಕ ಕಹಿ. ಸಿನಿಮಾ ವ್ಯಾಪಾರದವರು ಸೋತಿತು ಅಂತಲೇ ಷರಾ ಬರೆದಿದ್ರು. ಸಿನಿಮಾ ತಂಡ ಎಷ್ಟು ಹೆದರಿತ್ತು ಅಂದ್ರೆ, ಕ್ಲೈಮ್ಯಾಕ್ಸ್ ಬದಲಿಸಿ ಅಮಿತಾಭ್ ಪಾತ್ರವನ್ನ ಬದುಕಿಸಿಬಿಡೋಣ ಅನ್ನೋ ಮಾತೂ ಬಂದಿತ್ತು. ಆಮೇಲೆ ಬಾಯಿಂದ ಬಾಯಿಗೆ ಹರಡಿತು. ಮುಂಬೈನ ಮಿನರ್ವ ಥಿಯೇಟರಲ್ಲಿ ಐದು ವರ್ಷ ಓಡಿತು. ಆ ವರ್ಷದ ಫಿಲ್ಮ್‌ಫೇರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಸಂಕಲನಕ್ಕೆ ಒಂದೇ ಒಂದು ಪ್ರಶಸ್ತಿ. 2005ರಲ್ಲಿ ಅದೇ ಫಿಲ್ಮ್‌ಫೇರ್ ಐವತ್ತು ವರ್ಷದ ಅತ್ಯುತ್ತಮ ಚಿತ್ರ ಅಂತ ಅದನ್ನೇ ಕರೆದು ಗೌರವಿಸಿತು.

ಈಗ ಯೋಚನೆ ಮಾಡಿ. ಆಗ ಅದಕ್ಕೆ ಉಸಿರಾಡೋಕೆ ಸಮಯ ಇತ್ತು. ವಾರಗಟ್ಟಲೆ ಥಿಯೇಟರಲ್ಲಿ ಇಟ್ಟುಕೊಂಡಿದ್ರು. ಇವತ್ತಿನ ಲೆಕ್ಕದಲ್ಲಿ ಶುಕ್ರವಾರ ಮಧ್ಯಾಹ್ನ ಎರಡು ಸ್ಟಾರು, ಶನಿವಾರ ಶೋ ಕಟ್, ಸೋಮವಾರ ಪೋಸ್ಟರ್ ಔಟು. ದೊಡ್ಡ ಹೀರೋ ಸಿನಿಮಾಗೆ ಅಭಿಮಾನಿಗಳ ದಂಡು ಇದೆ, ಮೊದಲ ಮೂರು ದಿನ ಹೇಗೋ ನಡೀತದೆ. ಸಾಯೋದು ಸಣ್ಣ ಸಿನಿಮಾ.

ಆದರೆ ಅದೇ ಸಣ್ಣ ಸಿನಿಮಾದ ಕೈ ಹಿಡಿಯೋರೂ ವಿಮರ್ಶಕರೇ! ಮಂಡ್ಯ ಕಡೆಯ ಹಳ್ಳಿಯಲ್ಲಿ, ನಟನೆಯೇ ಗೊತ್ತಿಲ್ಲದ ಊರಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ 'ತಿಥಿ' ಮಾಡಿದ್ರು. ಹೀರೋ ಇಲ್ಲ, ಕಟೌಟ್ ಇಲ್ಲ, ಹಾಲಿನ ಅಭಿಷೇಕ ಇಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. 2016ರಲ್ಲಿ ಇಲ್ಲಿ ಬಿಡುಗಡೆಯಾದಾಗ ವಿಮರ್ಶಕರು ಎದೆ ತುಂಬಿ ಬರೆದ್ರು. ಸೆಂಚುರಿ ಗೌಡ, ಗಡ್ಡಪ್ಪ ಮನೆಮಾತಾದ್ರು. ಸ್ಟಾರ್ ಇಲ್ಲದ ಸಿನಿಮಾಗೆ ಜನ ಕರೆತರೋದು ನಂಬಿಕೆಯ ನಾಲ್ಕು ಮಾತು. ಆ ನಂಬಿಕೆಯನ್ನ ನಾವು ಮಾರಿಕೊಂಡ್ರೆ ನಾಳೆ ಇನ್ನೊಂದು 'ತಿಥಿ' ಬಂದಾಗ ಯಾರು ಹೇಳಿದ್ರೂ ಜನ ನಂಬಲ್ಲ.

ತಪ್ಪು ಮಾಡಿದ ವಿಮರ್ಶಕ ಏನು ಮಾಡಬೇಕು? ಅದಕ್ಕೂ ಉದಾಹರಣೆ ಇದೆ. 1967. 'ಬಾನಿ ಅಂಡ್ ಕ್ಲೈಡ್' ಬಂತು. 'ನ್ಯೂಯಾರ್ಕ್ ಟೈಮ್ಸ್'ನ ಹಿರಿಯ ವಿಮರ್ಶಕ ಬಾಸ್ಲಿ ಕ್ರೌಥರ್ ಅದನ್ನ ಜಾಡಿಸಿದ್ರು. 'ನ್ಯೂಸ್‌ವೀಕ್'ನ ಜೋ ಮಾರ್ಗನ್‌ಸ್ಟರ್ನ್ ಕೂಡ ಜಾಡಿಸಿದ್ರು. ಆದರೆ ಮಾರ್ಗನ್‌ಸ್ಟರ್ನ್ ಆಮೇಲೆ ಜನಸಾಮಾನ್ಯರ ನಡುವೆ ಕೂತು ಇನ್ನೊಮ್ಮೆ ಆ ಸಿನಿಮಾ ನೋಡಿದ್ರು. ಜನ ಸ್ಪಂದಿಸಿದ್ದು ಕಂಡ್ರು. ಮುಂದಿನ ವಾರ ಅದೇ ಪತ್ರಿಕೆಯಲ್ಲಿ, ಹೋದ ವಾರ ನಾನು ಬರೆದದ್ದು ತಪ್ಪಾಗಿತ್ತು ಅಂತ ಹೊಸ ವಿಮರ್ಶೆ ಬರೆದ್ರು. ಪೌಲೀನ್ ಕೇಲ್ ಎಂಬ ಮಹಿಳೆ 'ನ್ಯೂಯಾರ್ಕರ್'ನಲ್ಲಿ ಸಿನಿಮಾದ ಪರವಾಗಿ ಸುದೀರ್ಘ ಲೇಖನವನ್ನೇ ಬರೆದ್ರು. ಹತ್ತು ಆಸ್ಕರ್ ನಾಮನಿರ್ದೇಶನ ಬಂತು. ಈ ಮೂವರಲ್ಲಿ ಯಾರು ಎಷ್ಟು ಸ್ಟಾರ್ ಕೊಟ್ರು ಅಂತ ಯಾರಿಗೂ ಬೇಕಾಗಿಲ್ಲ. ಅವರ ವಾದ ಇವತ್ತಿಗೂ ಚರ್ಚೆ ಆಗ್ತದೆ. ತಪ್ಪಾಯ್ತು ಅಂತ ಹೆಸರು ಹಾಕಿ ಬರೆಯುವ ಧೈರ್ಯ ಇದ್ದವನ ಮುಂದಿನ ಮಾತಿಗೆ ತೂಕ ಜಾಸ್ತಿ. ನಾನು ಅವತ್ತು ಆ ಕೆಲಸ ಮಾಡಲಿಲ್ಲ. 'ದ್ವಿತೀಯಾರ್ಧ ನಾನು ನೋಡಿರಲಿಲ್ಲ, ಕ್ಷಮಿಸಿ' ಅಂತ ಎರಡು ಸಾಲು ಬರೆಯೋಕೆ ಜಾಗ ಇತ್ತು. ಧೈರ್ಯ ಇರಲಿಲ್ಲ.

ಇನ್ನು ಕೆಲವರು ಹೇಳ್ತಾರೆ, ವಿಮರ್ಶೆಯನ್ನೇ ನಿಲ್ಲಿಸಿಬಿಡಿ ಅಂತ. ಕೇರಳದಲ್ಲಿ 2023ರಲ್ಲಿ ನಿರ್ದೇಶಕರೊಬ್ಬರು ಹೈಕೋರ್ಟ್ ಮೆಟ್ಟಿಲು ಹತ್ತಿದ್ರು. ದುಡ್ಡಿಗಾಗಿ ಬೇಕೆಂದೇ ಕೆಟ್ಟ ರಿವ್ಯೂ ಹಾಕಿ ಸಿನಿಮಾ ಮುಳುಗಿಸ್ತಾರೆ ಅನ್ನೋದು ದೂರು. ಕೋರ್ಟ್ ನೇಮಿಸಿದ ಅಮಿಕಸ್ ಕ್ಯೂರಿ, ಬಿಡುಗಡೆಯಾದ 48 ಗಂಟೆ ವ್ಲಾಗರ್‌ಗಳು ರಿವ್ಯೂ ಹಾಕದೇ ಇರಲಿ ಅಂತ 2024ರಲ್ಲಿ ಸಲಹೆ ಕೊಟ್ರು. ಅದೇ ವರ್ಷ ತಮಿಳು ನಿರ್ಮಾಪಕರು ಮೊದಲ ಮೂರು ದಿನ ರಿವ್ಯೂ ನಿಷೇಧಿಸಿ ಅಂತ ಮದ್ರಾಸ್ ಹೈಕೋರ್ಟಿಗೆ ಹೋದ್ರು. ಡಿಸೆಂಬರ್‌ನಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ವಿಮರ್ಶೆ ಮಾಡೋದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂದಿತು.

ನಿರ್ಮಾಪಕರ ಸಂಕಟ ನನಗೆ ಅರ್ಥ ಆಗ್ತದೆ. ಕೋಟಿ ಸಾಲ ತಂದವನಿಗೆ ಶುಕ್ರವಾರ ಅಂದ್ರೆ ಪರೀಕ್ಷೆಯ ಫಲಿತಾಂಶ. ದುಡ್ಡು ಕೇಳಿ, ಕೊಡದಿದ್ರೆ ಹಾಳುಗೆಡವುವವನು ಇದ್ದರೆ ಅದು ಸುಲಿಗೆ, ಹಿಡಿದು ಒಳಗೆ ಹಾಕಿ. ಆದರೆ ಒಂದು ಮಾತು ನಿರ್ಮಾಪಕರೇ. ಹೊಗಳಿಕೆ ಬೆಳಗ್ಗೆ ಒಂಬತ್ತಕ್ಕೆ ಬಂದ್ರೂ ಪರವಾಗಿಲ್ಲ, ಟೀಕೆ ಮಾತ್ರ ಮೂರು ದಿನ ಬಿಟ್ಟು ಬರಲಿ ಅಂದ್ರೆ ಹೇಗೆ? ಟಿಕೆಟ್ ದುಡ್ಡನ್ನ ನೀವು ಮೂರು ದಿನ ಬಿಟ್ಟು ಇಸ್ಕೊಳ್ತೀರಾ?

ಕೊನೆಗೆ ನಿಮ್ಮ ಹತ್ರ ಬರ್ತೀನಿ. ಟಿಕೆಟ್, ಪಾರ್ಕಿಂಗು, ಪಾಪ್‌ಕಾರ್ನ್ ಅಂತ ಒಂದು ಕುಟುಂಬ ಸಿನಿಮಾಗೆ ಹೋಗೋದು ಇವತ್ತು ಸಣ್ಣ ಖರ್ಚಲ್ಲ. ಕೇಳಿ ತಿಳ್ಕೊಂಡೇ ಹೋಗಬೇಕು, ತಪ್ಪಿಲ್ಲ. ಆದರೆ ಸ್ಟಾರ್ ನೋಡಿದ ತಕ್ಷಣ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ಒಂದು, ಇದನ್ನ ಹೇಳಿದವನು ಯಾರು, ಹೆಸರಿದೆಯಾ? ಎರಡು, ಪೂರ್ತಿ ನೋಡಿದ್ದಾನಾ? ಮೂರು, ಕಾರಣ ಕೊಟ್ಟಿದ್ದಾನಾ, ಯಾವ ಸೀನು ಅಂತ ಹೇಳಿದ್ದಾನಾ? ನಾಲ್ಕು, ಅದರ ಹಿಂದೆ ಯಾರ ದುಡ್ಡಿದೆ? ನಾಲ್ಕಕ್ಕೂ ಉತ್ತರ ಸಿಕ್ಕಿದ ಮೇಲೆ ಅವನ ಸ್ಟಾರ್ ಎಣಿಸಿ. ನಿಮ್ಮ ರುಚಿಗೆ ಹೊಂದುವ ಒಬ್ಬ ವಿಮರ್ಶಕನನ್ನ ಹುಡುಕ್ಕೊಳ್ಳಿ. ನಿಮಗೆ ಯಾವಾಗಲೂ ವಿರುದ್ಧವಾಗಿ ಬರೆಯುವವನಾದ್ರೂ ಪರವಾಗಿಲ್ಲ. ಅವನು ಬೈದ್ರೆ ನೀವು ಧೈರ್ಯವಾಗಿ ಹೋಗಬಹುದು!

ಅಂದ ಹಾಗೆ, ಬೆಳಗ್ಗೆ ಮೆಸೇಜ್ ಕಳಿಸಿದ ಆ ಸ್ನೇಹಿತನಿಗೆ ಹೇಳಿದ್ದೀನಿ, ನಾಳೆ ಫಸ್ಟ್ ಶೋಗೆ ಇಬ್ಬರೂ ಆ ಎರಡೂವರೆ ಸ್ಟಾರ್ ಸಿನಿಮಾಗೇ ಹೋಗೋಣ ಅಂತ. ಚೆನ್ನಾಗಿರದಿದ್ರೆ ಚೆನ್ನಾಗಿಲ್ಲ ಅಂತಲೇ ಹೇಳ್ತೀನಿ. ಆದರೆ ಈ ಸಲ ಇಂಟರ್ವಲ್‌ಗೆ ಎದ್ದು ಬರಲ್ಲ. ಯಾವ ಸೀನು ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಉತ್ತರ ಇರಬೇಕಲ್ಲ.

ಆ ಹಳೇ ಸಿನಿಮಾದ ಸೆಕೆಂಡ್ ಹಾಫ್ ಮಾತ್ರ ನಾನು ಇವತ್ತಿಗೂ ನೋಡಿಲ್ಲ.